ಟೇಪಮ್ಮನ ಇಂಗ್ಲಿಷ್

ಟೇಪಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಅದು ನಿಜ. ಬರುತ್ತದೆ ಎಂದರೆ ಅದೂ ನಿಜವೇ. ಔಷಧಿ ಬಾಟಲಿಯ ಮೇಲೆ ಏನು ಬರೆದಿದೆ ಎಂದು ತಿಳಿಯಲು ಆಕೆ ಸೊಸೆಯನ್ನು ಕೂಗಬೇಕು. ಬ್ಯಾಂಕಿನವರು ಫೋನು ಮಾಡಿ ಇಂಗ್ಲಿಷಿನಲ್ಲಿ ಶುರುಹಚ್ಚಿಕೊಂಡರೆ “ಮಗ ಮನೇಲಿಲ್ಲ” ಎಂದು ಇಟ್ಟುಬಿಡುತ್ತಾಳೆ, ಮಗ ಎದುರಿಗೇ ಕೂತಿದ್ದರೂ. ಆದರೆ ಇಂಗ್ಲಿಷರೇ ಎಂದೋ ಆಡುವುದನ್ನು ಬಿಟ್ಟು, ಮೂಲೆಗೆ ಸರಿಸಿ, ಮರೆತೂ ಹೋದ ಮೂವತ್ತು ನಲವತ್ತು ಮಾತುಗಳು ಆಕೆಯ ನಾಲಿಗೆಯ ತುದಿಯಲ್ಲಿವೆ. ಬದುಕಿರುವ ಇಂಗ್ಲಿಷ್ ಒಂದು ಸಾಲೂ ಬಾರದೆ ಸತ್ತ ಇಂಗ್ಲಿಷನ್ನು ಮಾತ್ರ ಆಡುವ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳು ಇದ್ದಾಳೆಂದು ನನಗೆ ಅನ್ನಿಸುವುದಿಲ್ಲ.

ಟೇಪಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅಳತೆಯ ಟೇಪು ಬೆಳಿಗ್ಗೆ ಕೊರಳಿಗೆ ಬಿದ್ದರೆ ಮಲಗುವಾಗಲೇ ಇಳಿಯುವುದು. ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ, ನಡುವೆ ಗೋಡೆಯ ಬದಲು ಒಂದು ಹಳೇ ಪರದೆ. ಕೌಂಟರಿನಲ್ಲಿ ಟೇಪಮ್ಮ, ಅವಳ ಬೆನ್ನಿಗೆ ಕತ್ತರಿಸುವ ಮೇಜು, ಮೊದಲು ಗಂಡನದು, ಈಗ ಮಗನದು. ಮೂಲೆಯ ಸ್ಟೂಲಿನಲ್ಲಿ ಗಂಡನ ಚಿಕ್ಕಪ್ಪ. ಆತ ಗುಂಡಿ ಹಾಕುವುದು, ಗುಂಡಿ ತೂರುವ ಕಾಜಾ ಹೊಲಿಯುವುದು ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕಿದವನಲ್ಲ. ಹಾಗಾಗಿ ಎಲ್ಲರಿಗೂ ಗುಂಡಿ ತಾತ. ಎಂಬತ್ತು ದಾಟಿದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ. ಕಿವಿ ಮಾತ್ರ ತನಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ.

ಆ ಮಾತುಗಳು ಮನೆಗೆ ಬಂದದ್ದು ಹೀಗೆ. ಟೇಪಮ್ಮನ ಗಂಡನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು, ಕತ್ತರಿ ಹಿಡಿದವರನ್ನು ಎಲ್ಲೆಡೆ ಕರೆಯುವ ಹಾಗೆ. ಮಾಸ್ಟರ್ ಇನ್ನೂ ಮದುವೆಯಾಗದ ಕಾಲದಲ್ಲಿ, ರಿಟೈರಾದ ಇಂಗ್ಲಿಷ್ ಪ್ರೊಫೆಸರರೊಬ್ಬರು ಬರುತ್ತಿದ್ದರು. ಅವರಿಗಿದ್ದದ್ದು ಒಂದೇ ಕೋಟು. ಅದರ ಲೈನಿಂಗ್ ಬದಲಿಸಲು ಕೊಟ್ಟರೆ ಮುಗಿಯುವವರೆಗೂ ಬರೀ ಶರ್ಟಿನಲ್ಲಿ ಬೀದಿಗೆ ಇಳಿಯಲಾರದೆ ಅಂಗಡಿಯಲ್ಲೇ ಕೂತಿರುತ್ತಿದ್ದರು. ಕೂತವರಿಗೆ ಬಾಯಿ ಸುಮ್ಮನಿರಬೇಕಲ್ಲ. ಇಂಗ್ಲಿಷರು ಮರೆತ ಮಾತುಗಳ ಮೇಲೆ ಅವರಿಗೆ ಅಕ್ಕರೆ. ಸತ್ತ ನೆಂಟರ ಬಗ್ಗೆ ಹೇಳಿದ ಹಾಗೆ ಒಂದೊಂದನ್ನೇ ಹೇಳಿ, “ಎಂಥ ಚಂದದ ಮಾತು, ಯಾರಿಗೂ ಬೇಡವಾಯ್ತು ನೋಡು” ಎನ್ನುತ್ತಿದ್ದರು. ಯಾರಿಗೂ ಬೇಡವಾದದ್ದು ಮಾಸ್ಟರಿಗೆ ಬೇಕಾಯಿತು. ಗಿರಾಕಿಯ ಎದುರಿಗೇ ಗಿರಾಕಿಯ ಬಗ್ಗೆ ಮಾತಾಡುವುದು ಹೊಲಿಗೆಯವರಿಗೆ ದಿನದ ಕಷ್ಟ. ಕನ್ನಡ ಎಲ್ಲರಿಗೂ ತಿಳಿಯುತ್ತದೆ, ಇಂಗ್ಲಿಷೂ ಅರ್ಧಂಬರ್ಧ ತಿಳಿಯುತ್ತದೆ. ಇಂಗ್ಲಿಷರಿಗೇ ತಿಳಿಯದ ಇಂಗ್ಲಿಷ್ ಯಾರಿಗೆ ತಿಳಿಯಬೇಕು?

ಮದುವೆಯಾಗಿ ಬಂದ ವಾರದಲ್ಲೇ ಹೆಂಡತಿಯನ್ನು ಕೌಂಟರಿನ ಹಿಂದೆ ನಿಲ್ಲಿಸಿ ಮಾಸ್ಟರ್ ಮೊದಲ ಮಾತು ಕಲಿಸಿದ. ಗ್ರೋಕ್. ಒಬ್ಬರು ತಿನ್ನುತ್ತಿರುವಾಗ, ನಮಗೂ ಒಂದು ತುತ್ತು ಸಿಕ್ಕೀತೇನೋ ಎಂದು ಬಾಯಿಬಿಡದೆ ಅವರ ತಟ್ಟೆಯನ್ನೇ ನೋಡುವುದಕ್ಕೆ ಆ ಹೆಸರು. ಅಂಗಡಿಯಲ್ಲಿ ಅದು, ಬಟ್ಟೆಯ ಥಾನುಗಳನ್ನೆಲ್ಲ ಸವರಿ ಸವರಿ ನೋಡಿ ಏನೂ ಕೊಳ್ಳದೆ ಹೋಗುವವರ ಹೆಸರಾಯಿತು. ಚಿಕ್ಕದಕ್ಕೂ ಗಂಟಲು ಹರಿದುಕೊಂಡು ಜಗಳ ತೆಗೆಯುವವರು ಬ್ರ್ಯಾಬಲ್. ಮೆಷಿನ್ನಿನ ಮುಂದೆ ಕೂತು ಕೆಲಸ ಮಾಡುವವನಂತೆ ನಟಿಸುವುದು ಫಜಲ್. ಇದು ಗುಂಡಿ ತಾತನಿಗೆ ಮೀಸಲು, ಆತನಿಗೂ ಗೊತ್ತು. ಇನ್ನು ಓವರ್‌ಮಾರೋ. ನಮಗೆ ನಾಡಿದ್ದು ಎಂಬ ಮಾತಿದೆ. ದಿನಕ್ಕೆ ಹತ್ತು ಸಲ ಆಡುತ್ತೇವೆ, ಅದರ ಬೆಲೆ ನಮಗೆ ಗೊತ್ತಿಲ್ಲ. ಇಂಗ್ಲಿಷರಿಗೂ ಅಂಥದ್ದೊಂದು ಇತ್ತಂತೆ, ಕಳೆದುಕೊಂಡರಂತೆ. ಪ್ರೊಫೆಸರರು ಇದನ್ನು ಹೇಳುವಾಗ ಮುಖ ಬಾಡಿಸಿಕೊಳ್ಳುತ್ತಿದ್ದರು.

ಮಾತು ಒಬ್ಬರದಲ್ಲ, ಇಬ್ಬರದು. ಕೌಂಟರು ಕೇಳಬೇಕು, ಮೇಜು ಉತ್ತರ ಕೊಡಬೇಕು. ಯಾರಾದರೂ ತೋಳು ಬಿಗಿಯಾಯಿತೆಂದು ಕೂಗಾಡುತ್ತ ನಾಳೆಯೇ ಬೇಕೆಂದು ಹಟ ಹಿಡಿದರೆ, ಟೇಪಮ್ಮ ತನ್ನಷ್ಟಕ್ಕೆ ಹೇಳಿಕೊಂಡಂತೆ “ಬ್ರ್ಯಾಬಲ್” ಎನ್ನುವಳು. ಬೆನ್ನ ಹಿಂದಿನಿಂದ, ಕತ್ತರಿ ನಿಲ್ಲಿಸದೆ, ಕೊನೆಯನ್ನು ಸ್ವಲ್ಪ ಎಳೆದು, “ಓವರ್‌ಮಾರೋ” ಎಂದು ಬರುತ್ತಿತ್ತು. ಆಗ ಟೇಪಮ್ಮ ಮುಖವನ್ನು ಸಿಹಿ ಮಾಡಿಕೊಂಡು, ನಾಡಿದ್ದು ಬನ್ನಿ, ಖಂಡಿತ ಕೊಡ್ತೀವಿ ಎನ್ನುವಳು. ಹೊಲಿಗೆಯವರ ನಾಡಿದ್ದು ಯಾವತ್ತು ಬರುತ್ತದೆ ಎಂದು ಬೀದಿಗೆಲ್ಲ ಗೊತ್ತಿತ್ತು. ಆದರೂ ಬರುತ್ತಿದ್ದರು, ಯಾಕೆಂದರೆ ಮಾಸ್ಟರ್ ಕತ್ತರಿಸಿದ ಕೋಟು ಮೈಗೆ ಕೂರುತ್ತಿತ್ತು.

ಒಂದು ಮಾತು ಮಾತ್ರ ಗಿರಾಕಿಗಳಿಗಲ್ಲ. ಏಪ್ರಿಸಿಟಿ. ಚಳಿಗಾಲದಲ್ಲಿ ಮೈಗೆ ತಾಗುವ ಬಿಸಿಲಿನ ಹಿತಕ್ಕೆ ಆ ಹೆಸರು. ಚಳಿಯ ಬೆಳಿಗ್ಗೆ ಷಟರು ಅರ್ಧ ಎತ್ತಿ, ಗಿರಾಕಿ ಬರುವ ಮುಂಚೆ, ಗಂಡಹೆಂಡಿರು ಅಂಗಡಿಯ ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ಕೂರುತ್ತಿದ್ದರು. ಬಿಸಿಲು ಎದುರು ಮನೆಯ ತಾರಸಿ ದಾಟಿ ಪಾದಕ್ಕೆ ಬಂದಾಗ ಇಬ್ಬರಲ್ಲಿ ಒಬ್ಬರು ಅದನ್ನು ಹೇಳುವರು. ಮತ್ತೇನೂ ಮಾತಿಲ್ಲ. ಮಾಸ್ಟರ್ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಟೇಪಮ್ಮ ಈಗಲೂ ಅದೇ ಮೆಟ್ಟಿಲ ಮೇಲೆ, ಒಂದು ಕಡೆ ಜಾಗ ಬಿಟ್ಟೇ ಕೂರುತ್ತಾಳೆ.

ಅಂಗಡಿಯಲ್ಲೂ ಈಗ ಉತ್ತರ ಬರುವುದಿಲ್ಲ. ಮಗನಿಗೆ ಎಲ್ಲ ಮಾತೂ ಗೊತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಅವನು ಇದೇ ಮೇಜಿನ ಕೆಳಗೆ ಚೂರು ಬಟ್ಟೆಗಳಲ್ಲಿ ಹೊರಳಾಡಿದವನು. ಆದರೆ ಕತ್ತರಿಸುವಾಗ ಕಿವಿಗೆ ಹಾಡು ಸಿಕ್ಕಿಸಿಕೊಂಡಿರುತ್ತಾನೆ. ಟೇಪಮ್ಮ “ಬ್ರ್ಯಾಬಲ್” ಎಂದರೆ ಅವನು “ಆಂ?” ಎನ್ನುತ್ತಾನೆ. ಇನ್ನೊಮ್ಮೆ ಹೇಳಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ.

ಸೊಸೆ ಬಂದು ಎಂಟೊಂಬತ್ತು ತಿಂಗಳಾಗಿತ್ತು. ಎರಡು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ಬರುವಳು. ಬೆಳಗಿನ ಅಡುಗೆ ಟೇಪಮ್ಮನದು, ರಾತ್ರಿಯದು ಸೊಸೆಯದು. ಪಾತ್ರೆ ಯಾರ ಕೈ ಖಾಲಿ ಇದೆಯೋ ಅವರದು. ಚುರುಕಿನ ಹುಡುಗಿ, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಟೇಪಮ್ಮನಿಗೆ ಅವಳ ಮೇಲೆ ದೂರೇನೂ ಇರಲಿಲ್ಲ. ಹಾಗೆಂದು ಅಕ್ಕರೆಯೂ ಉಕ್ಕಿ ಹರಿಯುತ್ತಿರಲಿಲ್ಲ. ಹೊಸ ಬಟ್ಟೆ ಒಂದೆರಡು ನೀರು ಕಾಣುವವರೆಗೂ ಮೈಗೆ ಒಗ್ಗುವುದಿಲ್ಲ ಎಂದು ಸುಮ್ಮನಿದ್ದಳು.

ಆ ದಿನ ರಾತ್ರಿ ಸೊಸೆ ಬಾಣಲೆಯಲ್ಲಿ ಆಲೂಗಡ್ಡೆ ಹುರಿದಿದ್ದಳು. ಆ ಮನೆಯಲ್ಲಿ ಆಲೂಗಡ್ಡೆಯ ನಿಜವಾದ ಬೆಲೆ ಇರುವುದು ಬಾಣಲೆಯ ತಳಕ್ಕೆ ಹತ್ತಿದ ಗರಿಗರಿ ಚಕ್ಕೆಯಲ್ಲಿ. ಅದು ಎಲ್ಲರಿಗಿಂತ ದೊಡ್ಡವರ ತಟ್ಟೆಗೆ ಹೋಗುವುದು ರೂಢಿ. ಅಂದು ಗುಂಡಿ ತಾತನ ತಟ್ಟೆಯಲ್ಲಿತ್ತು. ಆತ ಅದನ್ನು ಕೊನೆಗೆ ತಿನ್ನಲೆಂದು ಅಂಚಿಗೆ ಸರಿಸಿದ್ದ. ಸೊಸೆಯ ಕಣ್ಣು ಅದರ ಮೇಲೆ ಹೋಯಿತು, ಹೋಗಿದ್ದು ಅಲ್ಲೇ ನಿಂತಿತು. ಟೇಪಮ್ಮ ಅದನ್ನು ನೋಡಿದಳು. ಮಗನ ಕಡೆ ತಿರುಗಿ, ಅಂಗಡಿಯ ಅದೇ ದನಿಯಲ್ಲಿ, ತುಟಿ ಅಲ್ಲಾಡಿಸದೆ, “ಗ್ರೋಕ್” ಎಂದಳು.

ಅಂದು ಮಗನ ಕಿವಿಯಲ್ಲಿ ಹಾಡಿರಲಿಲ್ಲ. ಬಾಯ ತುಂಬ ಅನ್ನವಿಟ್ಟುಕೊಂಡು ಕಿಸಕ್ಕನೆ ನಕ್ಕ. ಅವನು ನಕ್ಕದ್ದೇ ಟೇಪಮ್ಮನಿಗೆ ಸಂತೋಷವಾಗಿಬಿಟ್ಟಿತು. ಎಷ್ಟೋ ದಿನದ ಮೇಲೆ ಒಂದು ಮಾತಿಗೆ ಉತ್ತರ ಸಿಕ್ಕಿದ ಸಂತೋಷ.

ಏನದು ಎಂದು ಸೊಸೆ ಕೇಳಿದಳು. ಏನಿಲ್ಲ, ಅಂಗಡಿ ಮಾತು ಎಂದಳು ಟೇಪಮ್ಮ. ಸೊಸೆ ತಲೆ ತಗ್ಗಿಸಿ ಊಟ ಮುಗಿಸಿದಳು. ಮಾರನೆಯ ಬೆಳಿಗ್ಗೆ ಗಂಡನನ್ನು ಬಿಡದೆ ಹಿಡಿದು ಕೇಳಿದಳು. ಅವನು, ಬುದ್ಧಿ ಎಲ್ಲಿ ಅಡವಿಟ್ಟಿದ್ದನೋ, ಅರ್ಥ ಹೇಳಿಯೇಬಿಟ್ಟ. ತಾನೊಂದು ತಮಾಷೆ ಹೇಳುತ್ತಿದ್ದೇನೆ ಎಂದುಕೊಂಡಿದ್ದನಂತೆ.

ಅಂದು ರಾತ್ರಿ ಸೊಸೆ ಎಂದಿನಂತೆ ಅಡುಗೆ ಮಾಡಿದಳು, ಊಟದ ಮೇಜಿನ ಮೇಲೆ ಜೋಡಿಸಿದಳು, ಎಲ್ಲರಿಗೂ ಬಡಿಸಿದಳು. ಕೂರಲಿಲ್ಲ. ಹಸಿವಿಲ್ಲ, ಆಮೇಲೆ ತಿಂತೀನಿ ಎಂದಳು. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು, ಗೋಡೆಯ ಕಡೆ ಮುಖ ಮಾಡಿ ಉಂಡಳು. ಮರುದಿನವೂ ಹಾಗೇ. ಆ ವಾರ ಪೂರ್ತಿ ಹಾಗೇ, ಅದರ ಮುಂದಿನ ವಾರವೂ.

ಗುಂಡಿ ತಾತ ಮೊದಲೆರಡು ದಿನ ನೋಡಿದ. ಮೂರನೆಯ ದಿನ, ನಾಲ್ಕು ತಟ್ಟೆ ಇರೋ ಮನೇಲಿ ಮೂರೇ ಇಟ್ಟರೆ ನನಗೆ ಊಟ ಸೇರಲ್ಲ ಎಂದು ಗೊಣಗಿದ. ಮಗ ಇತ್ತ ತಾಯಿಯನ್ನು ನೋಡುವನು, ಅತ್ತ ಅಡುಗೆಮನೆಯ ಬಾಗಿಲನ್ನು ನೋಡುವನು, ಕೊನೆಗೆ ತನ್ನ ತಟ್ಟೆಯನ್ನೇ ನೋಡುವನು. ಟೇಪಮ್ಮ ಮಾತ್ರ ಬಿಗಿದುಕೊಂಡಿದ್ದಳು. ಇಷ್ಟಕ್ಕೆಲ್ಲ ಮುಖ ಊದಿಸಿಕೊಂಡರೆ ಹೇಗೆ, ತಾನಾಗಿ ಸರಿಹೋಗುತ್ತಾಳೆ ಎಂಬುದು ಆಕೆಯ ಲೆಕ್ಕ. ಲೆಕ್ಕ ತಪ್ಪಿತು. ಒಂದು ರಜೆಯ ದಿನ ಮಗ ಕತ್ತರಿಯನ್ನು ಸುಮ್ಮನೆ ತೆರೆಯುತ್ತ ಮುಚ್ಚುತ್ತ, “ಅಮ್ಮ, ಔಷಧಿ ಅಂಗಡಿ ಮೇಲ್ಗಡೆ ಎರಡು ರೂಮು ಖಾಲಿ ಇದೆಯಂತೆ” ಎಂದ. ತಾನು ಕೆಲಸಕ್ಕೆ ದಿನಾ ಇಲ್ಲಿಗೇ ಬರ್ತೀನಿ ಎಂದೂ ಸೇರಿಸಿದ. ಕೆಲವು ದಿನ ಬರುತ್ತಾನೆ, ಆಮೇಲೆ ಅಲ್ಲೇ ಒಂದು ಮೆಷಿನ್ನು ಹಾಕುತ್ತಾನೆ ಎಂದು ಟೇಪಮ್ಮನಿಗೆ ಆ ಕ್ಷಣವೇ ತಿಳಿಯಿತು.

ಸೊಸೆ ಒಳಗೆ ಇಸ್ತ್ರಿ ಹಾಕುತ್ತಿದ್ದಳು. ಟೇಪಮ್ಮ ಪರದೆ ಸರಿಸಿ ಒಳಗೆ ನುಗ್ಗಿದಳು.

“ಅಂಗಡೀಲಿ ಆಡೋ ಒಂದು ಮಾತು ಬಾಯಿ ತಪ್ಪಿ ಬಂತು. ಅಷ್ಟಕ್ಕೆ ಮನೆ ಬಿಡೋದಾ?”

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಬಾಯಿ ತಪ್ಪಿ ಬಂದಿದ್ದಲ್ಲ ಅತ್ತೆ. ಬೈಬೇಕು ಅನ್ಸಿದ್ರೆ ನನಗೆ ಅರ್ಥ ಆಗೋ ಮಾತಲ್ಲೇ ಬೈರಿ. ನಾನೂ ತಿರುಗಿ ಮಾತಾಡ್ತೀನಿ, ಜಗಳ ಆಡಿ ಮುಗಿಸೋಣ. ಗಿರಾಕಿ ಎದುರಿಗೆ ಆಡೋ ಹಾಗೆ ನನ್ನ ತಲೆ ಮೇಲಿಂದ ಆಡಬೇಡಿ. ನಾನೇನು ಅಳತೆ ಕೊಡೋಕೆ ಬಂದವಳಾ?”

“ಅವೆಲ್ಲ ನಿಮ್ಮ ಮಾವ ಬಿಟ್ಟುಹೋದ ಮಾತು. ಕಂಡಕಂಡೋರಿಗೆಲ್ಲ ಹೇಳ್ಕೊಡೋಕೆ ಆಗಲ್ಲ.”

ಹೇಳಿದ ಮೇಲೆ ಟೇಪಮ್ಮನಿಗೇ ಆ ‘ಕಂಡಕಂಡೋರು’ ಜಾಸ್ತಿಯಾಯಿತು ಅನ್ನಿಸಿತು. ಬಾಯಿಂದ ಬಂದದ್ದನ್ನು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಲು ಬರುವುದಿಲ್ಲ.

“ಹೇಳ್ಕೊಡಿ ಅಂತ ನಾನು ಕೇಳ್ತಿಲ್ಲ. ನನ್ನ ಮುಂದೆ ಬಿಟ್ಟುಬಿಡಿ ಅಂತ ಕೇಳ್ತಿದೀನಿ” ಎಂದಳು ಸೊಸೆ. ದನಿ ಏರಿರಲಿಲ್ಲ. “ಚಿಕ್ಕಪ್ಪನ ಮನೇಲಿ ಬೆಳೆದವಳು ನಾನು. ಕಣ್ಣು ನಿನ್ನ ತಟ್ಟೆ ಮೇಲಿರಲಿ ಅಂತ ಚಿಕ್ಕಮ್ಮ ದಿನಾ ಹೇಳೋರು. ಮದುವೆ ಆದ್ಮೇಲೆ ಇನ್ನು ಎಲ್ಲಿ ಬೇಕಾದ್ರೂ ನೋಡಬಹುದು ಅಂದ್ಕೊಂಡಿದ್ದೆ.”

ಮತ್ತೆ ಇಸ್ತ್ರಿಗೆ ಕೈಹಾಕಿದಳು. ಟೇಪಮ್ಮ ಪರದೆ ಸರಿಸಿ ಹೊರಗೆ ಬಂದಳು.

ಟೇಪಮ್ಮ ಹಟದ ಹೆಂಗಸು. ಬಿಡಬೇಕೇ, ಬಿಟ್ಟೆ ಎಂದುಕೊಂಡಳು. ಸೊಸೆಯ ಮುಂದೆ ಮಾತ್ರವಲ್ಲ, ಅಂಗಡಿಯಲ್ಲೂ ಬಿಟ್ಟಳು. ಥಾನು ಸವರುವವರು ಬಂದರು, ಆಕೆ ಸುಮ್ಮನಿದ್ದಳು. ಮಗ ಕೆಲಸ ಬಿಟ್ಟು ಹತ್ತು ಥಾನು ಬಿಚ್ಚಿ ತೋರಿಸಿ ಬೆವರಿದ. ಕೂಗಾಡುವವರು ಬಂದರು, ನಾಡಿದ್ದು ಎಂದೂ ಹೇಳದೆ ಸುಮ್ಮನಿದ್ದಳು. ಮಗ ಕಿವಿಯಿಂದ ಹಾಡು ಕಿತ್ತು, ಕೇಳಿದವರಿಗೆಲ್ಲ ನಾಳೆ ಕೊಡ್ತೀನಿ ಎಂದುಬಿಟ್ಟ. ನಾಳೆ ಎಂದರೆ ಜನ ನಾಳೆಯೇ ಬರುತ್ತಾರೆ. ಆ ವಾರ ಅಂಗಡಿಯ ಮುಂದೆ ಸಾಲು ನಿಂತಿತು, ಒಬ್ಬರ ಪ್ಯಾಂಟು ಇನ್ನೊಬ್ಬರ ಕೈಗೆ ಹೋಯಿತು, ಒಂದು ಕೋಟಿನ ಎರಡು ತೋಳೂ ಎಡಗೈಯವೇ ಆದವು.

ಅದೆಲ್ಲ ಹೋಗಲಿ. ಬಾಯಿ ಮುಚ್ಚಿಕೊಂಡ ಮೇಲೆ ಟೇಪಮ್ಮನಿಗೆ ಮನೆ ತುಂಬ ಖಾಲಿ ಅನ್ನಿಸತೊಡಗಿತು. ಉತ್ತರ ಬಾರದಿದ್ದರೂ ಕೇಳುತ್ತಿದ್ದಾಗ ಮಾಸ್ಟರ್ ಹಿಂದೆಯೇ ನಿಂತ ಹಾಗಿರುತ್ತಿತ್ತು, ಎಲ್ಲೋ ಬೀಡಿ ಸೇದಲು ಹೋಗಿದ್ದಾನೆ, ಈಗ ಬರುತ್ತಾನೆ ಎಂಬ ಹಾಗೆ. ಕೇಳುವುದೂ ನಿಂತಾಗ ಗಂಡ ಎರಡನೆಯ ಸಲ ಸತ್ತ ಹಾಗಾಯಿತು. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಬಿಸಿಲು ಪಾದಕ್ಕೆ ಬರುತ್ತಿತ್ತು, ಹೋಗುತ್ತಿತ್ತು.

ಹೀಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಗುಂಡಿ ತಾತ ಕಾಜಾದಿಂದ ತಲೆ ಎತ್ತದೆ ಕೇಳಿದ. “ಏನಮ್ಮ, ಈಚೆಗೆ ನನ್ನ ಫಜಲ್ ಅಂತಾನೂ ಬೈತಿಲ್ಲ?”

“ನಿಮಗೆ ಕಿವಿ ಕೇಳ್ಸುತ್ತಾ ಮಾವ?”

“ಕೆಲವು ಕೇಳ್ಸುತ್ತೆ. ನಮ್ಮ ಅತ್ತಿಗೆಗೂ ಕೇಳ್ಸೋದು.”

ತಾತನ ಅತ್ತಿಗೆ ಎಂದರೆ ಮಾಸ್ಟರಿನ ತಾಯಿ, ಟೇಪಮ್ಮನ ಅತ್ತೆ. ಮೆಷಿನ್ನಿನ ಪಕ್ಕದ ಬೆಂಚಿನಲ್ಲಿ ಹೆಮ್ಮಿಂಗ್ ಮಾಡುತ್ತ ಕೂರುತ್ತಿದ್ದ ಮುದುಕಿ.

“ನೀವಿಬ್ರೂ ಅದೇನೋ ಅಂದ್ಕೊಂಡು ನಗೋರು” ಎಂದ ತಾತ. “ಅತ್ತಿಗೆ ನನ್ನ ಹತ್ರ ಕೇಳೋಳು, ಅದೇನೋ ಅಂದ್ರಲ್ಲ, ನನ್ನ ವಿಷ್ಯನೇನೋ ಅಂತ. ನಾನು ಅಲ್ಲ ಅಂತಿದ್ದೆ. ಸಾಯೋ ವರ್ಷಾನೂ ಕೇಳಿದ್ಲು.”

ಟೇಪಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಅತ್ತೆಯ ಬಗ್ಗೆ ತಾವು ಏನೂ ಅಂದಿರಲಿಲ್ಲ, ಒಂದು ಸಲವೂ ಇಲ್ಲ. ಆದರೆ ಹಾಗೆಂದು ಆಕೆಗೆ ಹೇಳಿಯೂ ಇರಲಿಲ್ಲ. ಆಗ ತಾನು ಇಪ್ಪತ್ತರ ಹುಡುಗಿ, ಗಂಡನ ಜೊತೆ ಒಂದು ಗುಟ್ಟಿನ ಭಾಷೆ ಸಿಕ್ಕ ಖುಷಿಯಲ್ಲಿ, ಬೆಂಚಿನ ಮೇಲೆ ಒಂದು ಮುದಿ ಜೀವ ಕೂತಿದೆ ಎಂಬುದನ್ನೇ ಮರೆತಿದ್ದಳು. ಮುದುಕಿ ಕೊನೆಕೊನೆಗೆ ಬೆಂಚು ಬಿಟ್ಟು ಒಳಗೇ ಕೂರತೊಡಗಿದ್ದು ಮಂಡಿನೋವಿಗೆ ಎಂದು ಎಲ್ಲರೂ ತಿಳಿದಿದ್ದರು.

“ಈಗ ಹೇಳ್ತಿದೀರಲ್ಲ ಮಾವ.”

“ನೀನು ಈಗ ಸುಮ್ಮನಾದೆಯಲ್ಲ, ಅದಕ್ಕೆ” ಎಂದು ತಾತ ದಾರ ಕಚ್ಚಿ ಕತ್ತರಿಸಿದ.

ಆ ದಿನ ರಾತ್ರಿ ಮತ್ತೆ ಆಲೂಗಡ್ಡೆ. ಬಾಣಲೆಯ ಚಕ್ಕೆ ದೊಡ್ಡದಾಗಿ, ಹೊಂಬಣ್ಣಕ್ಕೆ ಬಂದಿತ್ತು. ಸೊಸೆ ಅದನ್ನು ತಂದು ತಾತನ ತಟ್ಟೆಗೆ ಹಾಕಲು ಹೋದಾಗ, ನನ್ನ ಹಲ್ಲಿಗೆ ಆಗಲ್ಲ, ಇವಳಿಗೆ ಹಾಕು ಎಂದು ಆತ ಟೇಪಮ್ಮನನ್ನು ತೋರಿಸಿದ. ಎಂದಿನಿಂದ ಹಲ್ಲಿಗೆ ಆಗದಾಯಿತೋ ದೇವರೇ ಬಲ್ಲ. ಟೇಪಮ್ಮ ಅದನ್ನು ಮುಟ್ಟಲಿಲ್ಲ. ಊಟ ಮುಗಿಯಿತು, ಮಗ ಕೈ ತೊಳೆಯಲು ಹೋದ, ತಾತ ಹಾಸಿಗೆಗೆ ಹೋದ. ಸೊಸೆ ಅಡುಗೆಮನೆಯಲ್ಲಿ ತನ್ನ ತಟ್ಟೆಗೆ ಬಡಿಸಿಟ್ಟು, ಬಾಣಲೆಗೆ ನೀರು ತರಲು ಹಿತ್ತಲಿಗೆ ಹೋಗಿದ್ದಳು. ಟೇಪಮ್ಮ ಚಕ್ಕೆಯನ್ನು ಅವಳ ಅನ್ನದ ಮೇಲಿಟ್ಟಳು. ಆಮೇಲೆ ಒಲೆಯ ಎದುರಿನ ಮಣೆ ಎಳೆದುಕೊಂಡು ಕೂತಳು.

ಸೊಸೆ ಬಂದು ತಟ್ಟೆ ಕೈಗೆತ್ತಿಕೊಂಡಳು. ಚಕ್ಕೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆ ಮಾತ್ರ ತಟ್ಟೆಯನ್ನೇ ನೋಡುತ್ತಿದ್ದಳು.

“ಏನು ಬೇಕಿತ್ತು ಅತ್ತೆ?”

ಟೇಪಮ್ಮ ಮಣೆಯ ಮೇಲೆ ಮುಂದಕ್ಕೆ ಸರಿದಳು. ಕಣ್ಣು ಚಕ್ಕೆಯ ಮೇಲೆ.

ನೀರು ಕೊಡಲಾ ಎಂದು ಸೊಸೆ ಕೇಳಿದಳು. ಬೆನ್ನು ನೋಯುತ್ತಿದೆಯೇ ಎಂದು ಕೇಳಿದಳು. ಟೇಪಮ್ಮ ಬಾಯಿ ಬಿಡಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟು, ಕತ್ತು ಮುಂದೆ ಚಾಚಿ, ರೆಪ್ಪೆ ಬಡಿಯದೆ ನೋಡಿದಳು. ಜನ್ಮದಲ್ಲಿ ಒಬ್ಬರ ಮುಂದೆ ತಪ್ಪಾಯಿತು ಎಂದವಳಲ್ಲ. ಆ ಮಾತು ಅವಳ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಹೊರಳದಿದ್ದರೆ ಹೋಗಲಿ, ಕೂತು ನೋಡಲು ಬರುತ್ತದೆ. ಸೊಸೆ ಒಂದು ತುತ್ತು ಬಾಯಿಗಿಟ್ಟಳು. ಅತ್ತೆಯ ಕಣ್ಣು ತಟ್ಟೆಯಿಂದ ಬಾಯಿಗೆ ಹೋಗಿ, ಬಾಯಿಂದ ತಟ್ಟೆಗೆ ಬಂತು. ಬೀದಿಯ ನಾಯಿ ಕೂಡ ಅಷ್ಟು ನಿಷ್ಠೆಯಿಂದ ನೋಡುವುದಿಲ್ಲ.

ಸೊಸೆಯ ಕೈ ನಿಂತಿತು. ಅವಳ ಮುಖದಲ್ಲಿ ಮೊದಲು ಗೊಂದಲ ಇತ್ತು, ಆಮೇಲೆ ಇನ್ನೇನೋ ಬಂತು. ತುಟಿ ಬಿಗಿಹಿಡಿದಳು. ಕಣ್ಣಲ್ಲಿ ನೀರು ತುಂಬಿತು, ಅದನ್ನು ತಡೆದಳು. ಕೊನೆಗೆ ಗೋಡೆಯ ಕಡೆ ತಿರುಗಿ, ಬೇರೆ ಯಾರಿಗೋ ಹೇಳುವವಳಂತೆ, ತುಟಿ ಅಲ್ಲಾಡಿಸದೆ ಹೇಳಿದಳು.

“ಗ್ರೋಕ್.”

“ಹೂಂ” ಎಂದಳು ಟೇಪಮ್ಮ. “ಸರಿಯಾಗಿ ಹೇಳ್ದೆ.”

ಸೊಸೆ ಚಕ್ಕೆಯನ್ನು ಎರಡಾಗಿ ಮುರಿದಳು. ದೊಡ್ಡ ತುಂಡು ಕೊಡಲು ಬಂದಳು, ಟೇಪಮ್ಮ ಚಿಕ್ಕದನ್ನೇ ಕಸಿದುಕೊಂಡಳು. ಇಬ್ಬರೂ ಕರುಂ ಕರುಂ ಎಂದು ಅಗಿದರು. ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಟೇಪಮ್ಮನಿಗೆ ಹೇಳದೆ ಇರಲಾಗಲಿಲ್ಲ. ತಾತನಿಗೆ ಅಷ್ಟಿರಬೇಕು ಅಂತ ನೀವೇ ಹೇಳಿದ್ದು ಎಂದು ಸೊಸೆ ತಿರುಗಿಸಿ ಹೇಳಿದಳು. ರೂಮಿನ ಮಾತು ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಏನು ಉತ್ತರ ಬಂದೀತೋ ಎಂದು ಟೇಪಮ್ಮನಿಗೆ ಹೆದರಿಕೆ ಇತ್ತು. ಒಂದು ತುಂಡು ಆಲೂಗಡ್ಡೆಗೆ ಇಷ್ಟು ದಿನದ ನೋವು ಕರಗಬೇಕೆಂದು ಕೇಳಲು ಆಕೆಗೆ ಮುಖವಿರಲಿಲ್ಲ.

ಬೆಳಿಗ್ಗೆ ಮಗ ಚಹಾ ಕುಡಿದವನೇ ಹೊರಟ. ಔಷಧಿ ಅಂಗಡಿಯ ಮಾಲೀಕರು ಕೀ ಕೊಡಲು ಕರೆದಿದ್ದರು. ಟೇಪಮ್ಮ ಬೇಡ ಎನ್ನಲಿಲ್ಲ. ಷಟರು ಎತ್ತಿ, ಟೇಪು ಕೊರಳಿಗೆ ಹಾಕಿಕೊಂಡು ಕೌಂಟರಿಗೆ ನಿಂತಳು. ಸೊಸೆಗೆ ಅಂದು ರಜೆ. ಒಳಗೆ ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದಷ್ಟೂ ಸಲ ಟೇಪಮ್ಮ ಅಳತೆ ಬರೆಯುವುದನ್ನು ನಿಲ್ಲಿಸುತ್ತಿದ್ದಳು.

ಹೊತ್ತು ಏರುವಾಗ ಬಂದದ್ದು ಬೇಕರಿಯವನ ಹೆಂಡತಿ. ಕೈಯಲ್ಲಿ ಹಸಿರು ಗೌನು. ತೋಳು ಬಿಗಿ, ಸೊಂಟ ಬಿಗಿ, ಬಟ್ಟೆಯನ್ನೇ ಕದ್ದಿದ್ದೀರಿ ಎಂದು ಬಾಗಿಲಿನಿಂದಲೇ ಶುರುಮಾಡಿದಳು. ಅಳತೆ ಕೊಟ್ಟ ಮೇಲೆ ಆಕೆ ಎಷ್ಟು ಕೇಕು ತಿಂದಿದ್ದಾಳೆ ಎಂದು ಟೇಪಿಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ನಾಳೆಯೇ ಬಿಚ್ಚಿ ಸರಿ ಮಾಡಿ ಕೊಡಬೇಕು, ಇಲ್ಲದಿದ್ದರೆ ಬೀದಿಯಲ್ಲೆಲ್ಲ ಹೇಳ್ತೀನಿ ಎಂದು ಕೌಂಟರು ಕುಟ್ಟಿದಳು. ಟೇಪಮ್ಮನ ತಲೆ ಗಿರ್ರೆಂದಿತು. ಒಳಗೆ ಪೆಟ್ಟಿಗೆಯ ಸದ್ದು, ಹೊರಗೆ ಇವಳ ಸದ್ದು. ಬಿಟ್ಟೆ ಎಂದುಕೊಂಡದ್ದೂ ಮರೆತು, ಬೆನ್ನ ಹಿಂದೆ ಯಾರೂ ಇಲ್ಲ ಎಂಬುದೂ ಮರೆತು, ಬಾಯಿಂದ ತಾನಾಗಿ ಬಂತು.

“ಬ್ರ್ಯಾಬಲ್.”

ಮೇಜು ಸುಮ್ಮನಿತ್ತು. ಮೇಜಿನ ಮೇಲೆ ಕತ್ತರಿ ಬಾಯಿ ತೆರೆದು ಬಿದ್ದಿತ್ತು. ಗುಂಡಿ ತಾತ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಒಳಗೆ ಪೆಟ್ಟಿಗೆಯ ಸದ್ದೂ ನಿಂತಿತು.

ಆಮೇಲೆ ಪರದೆಯ ಆಚೆಯಿಂದ, ಅವಸರವಿಲ್ಲದೆ, ಕೊನೆಯನ್ನು ಸ್ವಲ್ಪ ಎಳೆದು, ಬಂತು.

“ಓವರ್‌ಮಾರೋ.”

ಟೇಪಮ್ಮ ಕೌಂಟರಿನ ಅಂಚು ಹಿಡಿದುಕೊಂಡಳು. ದನಿ ಹುಡುಗಿಯದು. ಎಳೆದದ್ದು ಮಾಸ್ಟರಿನ ಹಾಗೆ. ಆ ಹುಡುಗಿ ಮಾಸ್ಟರನ್ನು ನೋಡಿಯೇ ಇರಲಿಲ್ಲ. ಮಗ ತಲೆ ತಗ್ಗಿಸಿ ಕತ್ತರಿಸುವಾಗ ಹಾಡಿನ ನಡುವೆ ಎಂದಾದರೂ ಗೊಣಗಿದ್ದನೋ, ಇವಳು ಪರದೆಯ ಆಚೆ ಪಾತ್ರೆ ತಿಕ್ಕುತ್ತ ಹೆಕ್ಕಿಕೊಂಡಿದ್ದಳೋ. ಪರದೆ ದಪ್ಪ ಎಂದು ಇಷ್ಟು ದಿನ ತಿಳಿದಿದ್ದೆನಲ್ಲ ಎಂದು ಟೇಪಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಎರಡನ್ನೂ ನುಂಗಿ ಮುಖವನ್ನು ಸಿಹಿ ಮಾಡಿಕೊಂಡಳು.

“ನಾಡಿದ್ದು ಬನ್ನಿ. ಖಂಡಿತ ಕೊಡ್ತೀವಿ.”

ಬೇಕರಿಯವನ ಹೆಂಡತಿ ಕಣ್ಣು ಕಿರಿದು ಮಾಡಿದಳು. “ಒಳಗೆ ಯಾರದು ಮಾತಾಡಿದ್ದು?”

“ನಮ್ಮ ಅಂಗಡಿಯವಳು” ಎಂದಳು ಟೇಪಮ್ಮ.

ಆಕೆ ಗೌನು ಬಿಟ್ಟು ಗೊಣಗುತ್ತ ಮೆಟ್ಟಿಲಿಳಿಯುವಾಗ ಮಗ ಹತ್ತಿಬಂದ. ಬೆರಳಲ್ಲಿ ಕೀ ನೇತಾಡುತ್ತಿತ್ತು. ತಾಯಿಯ ಮುಖ ನೋಡುವ ಧೈರ್ಯವಾಗದೆ ಪರದೆಯ ಕಡೆಗೆ ದನಿ ಎತ್ತಿ ಕೇಳಿದ. “ಕೀ ಕೊಟ್ರು ಕಣೆ. ಗಾಡಿಯವನು ಕೇಳ್ತಿದಾನೆ, ಸಾಮಾನು ಯಾವತ್ತು ಸಾಗಿಸೋದು ಅಂತ.”

ಟೇಪಮ್ಮ ಹಸಿರು ಗೌನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು.

ಒಳಗಿನಿಂದ ಅದೇ ಎಳೆತದಲ್ಲಿ ಬಂತು.

“ಓವರ್‌ಮಾರೋ.”

ಮಗ ಕೀ ಹಿಡಿದು ಹಾಗೇ ನಿಂತ. ಗುಂಡಿ ತಾತ ತಲೆ ಬಗ್ಗಿಸಿ ಮತ್ತೆ ಸೂಜಿ ಆಡಿಸತೊಡಗಿದ. ಆ ಅಂಗಡಿಯ ನಾಡಿದ್ದು ಯಾವತ್ತು ಬರುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.